ಸೇವ್ ಆಗದ ಹತ್ತು ದಿನ

ಕಟ್, ಕಟ್, ಗುರ್ರ್. ಸೇವ್ ಒತ್ತಿದಾಗಲೆಲ್ಲ ಮೇಜಿನ ಕೆಳಗಿನ ಕಪ್ಪು ಡಬ್ಬದಿಂದ ಹೀಗೊಂದು ಸದ್ದು ಬರುತ್ತಿತ್ತು, ನಿದ್ದೆಯಲ್ಲಿ ಯಾರೋ ಮಗ್ಗುಲಾದ ಹಾಗೆ. ನಮ್ಮವರು ಮೂವತ್ತು ವರ್ಷ ಶಿವಮೊಗ್ಗ, ಭದ್ರಾವತಿಯ ಮದುವೆಗಳಲ್ಲಿ ತೆಗೆದ ವಿಡಿಯೋಗಳೆಲ್ಲ ಅದರೊಳಗಿನ ಡಿಸ್ಕುಗಳಲ್ಲಿವೆ. ಕಂಪ್ಯೂಟರಿನಿಂದ ಅದಕ್ಕೆ ಒಂದು ನೀಲಿ ವೈರ್. ಅವರು ನೆಟ್‌ವರ್ಕ್ ಸ್ಟೋರೇಜ್ ಅನ್ನುತ್ತಿದ್ದರು, ನಾನು ಡಬ್ಬ ಅನ್ನುತ್ತಿದ್ದೆ. ಅವರು ಶೂಟ್ ಮಾಡಿ ತರುವುದು, ನಾನು ಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮುಗಿಸಿ ಬಂದು ಎಡಿಟ್ ಮಾಡುವುದು. ಅವರು ಹೋಗಿ ಎರಡು ವರ್ಷವಾದ ಮೇಲೆ ಮನೆಯಲ್ಲಿ ನನ್ನ ಬಿಟ್ಟರೆ ಸದ್ದು ಮಾಡುತ್ತಿದ್ದುದು ಆ ಡಬ್ಬ ಒಂದೇ.

ಕಾನ್ವೆಂಟಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಒಬ್ಬಳು ಭದ್ರಾವತಿಯ ನ್ಯೂ ಟೌನಿನಲ್ಲಿದ್ದಳು. ಅವಳ ಗಂಡ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆಗಿ ತೀರಿಕೊಂಡವರು. ಅವಳಿಗೆ ಗ್ಲಾಕೋಮಾ. ಬಲಗಣ್ಣು ಹೋಗಿತ್ತು, ಎಡಗಣ್ಣಿನಲ್ಲಿ ಒಂದು ಕಿಂಡಿಯಷ್ಟು ಉಳಿದಿತ್ತು. ಒಂದು ದಿನ ಫೋನ್ ಮಾಡಿದಳು.

"ಮಾರಾಯ್ತಿ, ಗೋಡೆ ಮೇಲೆ ಅವರ ಫೋಟೋ ಇದೆ. ಅದ್ರಲ್ಲಿ ಪಾಪ, ಡಾಕ್ಟ್ರ ಮುಂದೆ ಕೂತ ಹಾಗೆ ಕೂತಿದಾರೆ. ನಂಗೆ ಅವರು ನಡೆಯೋದನ್ನ ನೋಡ್ಬೇಕು ಕಣೇ. ಇದೂ ಹೋಗೋದ್ರೊಳಗೆ."

"ನಿಮ್ಮನೇಲಿ ಮದುವೇನೇ ಆಗ್ಲಿಲ್ವಲ್ಲೇ, ವಿಡಿಯೋ ಎಲ್ಲಿಂದ ತರ್ಲಿ?"

"ಊರಿನವರ ಮದುವೇಲೆಲ್ಲ ಬಡಿಸ್ತಿದ್ದೋರು ಯಾರು? ಹುಡುಕೇ!"

ಅದು ನಿಜ. ನ್ಯೂ ಟೌನಿನಲ್ಲಿ ಯಾರದೇ ಮದುವೆಯಾಗಲಿ, ಪಂಕ್ತಿ ಎದ್ದು ಹೋಗುವವರೆಗೆ ಆ ಮನುಷ್ಯ ಸಾರಿನ ಬಕೆಟ್ ಕೆಳಗಿಡುತ್ತಿರಲಿಲ್ಲ. ಹುಡುಕಿದೆ. ವಧುವಿನ ಭುಜದ ಹಿಂದೆ, ಎಲೆಗಳ ಸಾಲಿನ ತುದಿಯಲ್ಲಿ, ಎಲ್ಲ ಕಡೆಯೂ ಇದ್ದರು. ಬಕೆಟ್ಟಿನ ಅಂಚಿಗೆ ಸೌಟನ್ನು ಎರಡು ಸಲ ಬಡಿದು ಮುಂದಿನ ಎಲೆಗೆ ಹೋಗುವುದು ಅವರ ರೂಢಿ. ಯಾವತ್ತೋ ನಾನೇ ಅನ್‌ವಾಂಟೆಡ್ ಎಂದು ಕತ್ತರಿಸಿ ಪಕ್ಕಕ್ಕಿಟ್ಟಿದ್ದ ತುಣುಕುಗಳನ್ನು ಈಗ ಒಂದೊಂದಾಗಿ ಹೆಕ್ಕಿ ಜೋಡಿಸಿದೆ. ಇನ್ನು ಒಂದು ದಿನದ ಕೆಲಸ ಉಳಿದಿತ್ತು.

ಅಷ್ಟರಲ್ಲಿ ಕಂಪ್ಯೂಟರ್ ಅಪ್‌ಡೇಟ್ ಕೇಳಿತು. ಆಗಲಿ ಎಂದೆ. ಆಫ್ ಆಗಿ ಮತ್ತೆ ಆನ್ ಆದ ಮೇಲೆ, ಈ ಕಂಪ್ಯೂಟರ್ ಬಳಸುವವರು ಯಾರು ಎಂದು ಕೇಳಿತು. ಸುಳ್ಳು ಹೇಳಬಾರದೆಂದು ಸಿಸ್ಟರ್‌ಗಳ ಕೈಯಲ್ಲಿ ಸ್ಕೇಲಿನೇಟು ತಿಂದು ಬೆಳೆದವಳು ನಾನು. ನನ್ನ ಹೆಸರು ಬರೆದೆ.

ಆಮೇಲೆ ಸೇವ್ ಆಗಲಿಲ್ಲ. ತುಣುಕುಗಳೆಲ್ಲ ತೆರೆಯುತ್ತಿದ್ದವು, ಓಡುತ್ತಿದ್ದವು. ಸೇವ್ ಒತ್ತಿದರೆ ಮಾತ್ರ, ನಿಮಗೆ ಪರ್ಮಿಷನ್ ಇಲ್ಲ ಎಂಬ ಉತ್ತರ. ಡಬ್ಬ ಗುರ್ ಅನ್ನುತ್ತಿರಲಿಲ್ಲ. ವೈರ್ ಕಿತ್ತು ಮತ್ತೆ ಸಿಕ್ಕಿಸಿದೆ. ಡಬ್ಬವನ್ನು ಆಫ್ ಮಾಡಿ ಆನ್ ಮಾಡಿದೆ. ಬೇರೆ ಫೈಲ್ ಹೆಸರು ಕೊಟ್ಟು ನೋಡಿದೆ. ಪ್ರಾಜೆಕ್ಟ್ ಮುಚ್ಚಿದರೆ ಹಿಂದಿನ ವಾರಕ್ಕೆ ಹೋಗಿ ನಿಲ್ಲುತ್ತಿತ್ತು; ಮತ್ತೆ ಮೊದಲಿನಿಂದ ಜೋಡಿಸುತ್ತಿದ್ದೆ. ಹೀಗೆ ಐದು ದಿನ. ಆರನೆಯ ದಿನ ನೆಹರು ರಸ್ತೆಯ ಹತ್ತಿರದ ಕಂಪ್ಯೂಟರ್ ಅಂಗಡಿಯವರನ್ನು ಮನೆಗೆ ಕರೆಸಿದೆ. ನನ್ನಷ್ಟೇ ಬಿಳಿ ತಲೆಯವರು.

"ಮೇಡಂ, ಮೊದ್ಲು ಇದು ಯಾರ ಹೆಸರಲ್ಲಿ ಓಪನ್ ಆಗ್ತಿತ್ತು?"

"ನಮ್ಮವರ ಹೆಸರಲ್ಲಿ."

"ಅಷ್ಟೇ ನೋಡಿ. ಈ ಡಬ್ಬ ಯಾರು ಬಂದ್ರೂ ನೋಡೋಕೆ ಬಿಡುತ್ತೆ. ಬರೆಯೋಕೆ ಸಾಹೇಬ್ರನ್ನ ಮಾತ್ರ ಬಿಡುತ್ತೆ. ಅವರ ಪಾಸ್‌ವರ್ಡ್ ಬೇಕು. ಅಥವಾ ಡಬ್ಬ ಬಿಟ್ಟು ಕಂಪ್ಯೂಟರಲ್ಲೇ, ಡೆಸ್ಕ್‌ಟಾಪಿಗೆ ಸೇವ್ ಮಾಡ್ಕೊಳಿ. ಇವತ್ತೇ ಮುಗಿಯುತ್ತೆ."

ಡಬ್ಬದ ಹೊರಗೆ ಏನನ್ನೂ ಸೇವ್ ಮಾಡಕೂಡದು ಎನ್ನುವುದು ನಮ್ಮವರ ರೂಲ್. ಹಿಂದೊಮ್ಮೆ ಕಂಪ್ಯೂಟರ್ ಕೆಟ್ಟು ಒಂದು ಮದುವೆ ಇಡಿಯಾಗಿ ಅಳಿಸಿಹೋಗಿತ್ತು. ಆದರೆ ನನ್ನನ್ನು ತಡೆದದ್ದು ರೂಲ್ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಅವರ ಡಬ್ಬ ನನ್ನನ್ನು ಹೊರಗಿನವಳು ಅಂದುಬಿಟ್ಟಿತ್ತಲ್ಲ, ಅದು ನುಂಗಲಾಗಲಿಲ್ಲ. ಪಾಸ್‌ವರ್ಡ್ ಹುಡುಕಿ ಅದರ ಒಳಗೇ ಇಡುತ್ತೇನೆ ಎಂದು ಹಠ ಹಿಡಿದೆ.

ನಮ್ಮವರು ಏನನ್ನೇ ಬರೆದರೂ ಲಗ್ನಪತ್ರಿಕೆಯ ಹಿಂದೆ ಬರೆಯುತ್ತಿದ್ದರು. ಮದುವೆಯವರು ಕೊಟ್ಟ ಪತ್ರಿಕೆಗಳಲ್ಲಿ ದೇವರ ಚಿತ್ರವಿರುತ್ತದೆ, ಕಸಕ್ಕೆ ಹಾಕುವಂತಿಲ್ಲ ಎಂದು ಮೂವತ್ತು ವರ್ಷದ್ದನ್ನೂ ಕಟ್ಟು ಕಟ್ಟಿ ಅಟ್ಟಕ್ಕೆ ಹಾಕಿದ್ದೆವು. ನಾಲ್ಕು ದಿನ ಒಂದೊಂದನ್ನೇ ತಿರುಗಿಸಿದೆ. ಬ್ಯಾಟರಿ ಎರಡು. ಮುಹೂರ್ತ 10:40. ವರನ ತಾಯಿಗೆ ಸಿಟ್ಟು ಜಾಸ್ತಿ, ಕ್ಲೋಸಪ್ ಬೇಡ. ಒಂದರಲ್ಲಿ: ಇವಳಿಗೆ ಹೋಳಿಗೆ ಕಟ್ಟಿಸಿಕೊಂಡು ಬರಬೇಕು. ಆ ಮಧ್ಯಾಹ್ನ ಮುಂದಿನದನ್ನು ತಿರುಗಿಸುವುದಕ್ಕೆ ತುಂಬ ಹೊತ್ತು ಬೇಕಾಯಿತು. ನಡುವೆ ಗೆಳತಿ ಎರಡು ಸಲ ಫೋನ್ ಮಾಡಿದಳು.

"ಆಯ್ತೇನೇ?"

"ಆಗ್ತಾ ಇದೆ ಕಣೇ."

"ಅವಸರ ಏನಿಲ್ಲ," ಎಂದಳು. ಎಡಗಣ್ಣಿನ ಪ್ರೆಶರ್ ಏರಿದ್ದನ್ನು ಹೇಳಲಿಲ್ಲ.

ಹತ್ತನೆಯ ದಿನ ಪಾಸ್‌ವರ್ಡ್ ಸಿಕ್ಕಿತು, ಒಂದು ಪತ್ರಿಕೆಯ ಗಣಪತಿಯ ಚಿತ್ರದ ಹಿಂದೆ. ಅವರ ಹೆಸರು, ಪಾಸ್‌ವರ್ಡ್ ಟೈಪ್ ಮಾಡಿ ಸೇವ್ ಒತ್ತಿದೆ. ಕಟ್, ಕಟ್, ಗುರ್ರ್. ಸ್ವಲ್ಪ ಹೊತ್ತು ಅತ್ತೆ. ರಾತ್ರಿ ಕೂತು ಉಳಿದ ಕೆಲಸ ಮುಗಿಸಿ, ಮರುದಿನ ಪೆನ್‌ಡ್ರೈವ್ ಹಿಡಿದು ಭದ್ರಾವತಿಯ ಬಸ್ ಹತ್ತಿದೆ. ಮಲವಗೊಪ್ಪ ದಾಟುವವರೆಗೂ ಒಳಗೊಳಗೇ ಬೀಗುತ್ತಿದ್ದೆ.

ಟಿವಿಗೆ ಹಾಕಿದೆ. ಗೆಳತಿ ಕುರ್ಚಿ ಎಳೆದುಕೊಂಡು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಕೂತಳು. ಅಷ್ಟರಲ್ಲಿ ಬಕೆಟ್ಟಿನ ಅಂಚಿಗೆ ಸೌಟು ಬಡಿಯಿತು, ಎರಡು ಸಲ.

"ಅಗೋ, ಬಂದ್ರು," ಅಂದಳು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದಳು, "ಯಾವ ಶರ್ಟ್ ಹಾಕಿದಾರೆ?"

ಆಗ ಗೊತ್ತಾಯಿತು.

"ಹೋದ ವಾರ ಬಂದಿದ್ರೆ ಒಂಚೂರು ಕಾಣ್ತಿತ್ತೇನೋ. ಇರ್ಲಿ ಬಿಡು. ಯಾವ ಶರ್ಟ್, ಹೇಳೇ."

ಹಳೆಯ ಟೇಪಿನಿಂದ ಡಬ್ಬಕ್ಕೆ ಇಳಿಸಿದ್ದ ಆ ತುಣುಕಿನಲ್ಲಿ ಬಣ್ಣವೇ ಉಳಿದಿರಲಿಲ್ಲ. "ತಿಳಿನೀಲಿ," ಎಂದೆ.

"ನಾನೇ ತಂದಿದ್ದು ಅದು," ಎಂದು ನಕ್ಕಳು. "ನಡೀತಾ ಇದಾರಾ?"

"ನಡೀತಾ ಇದಾರೆ. ಈಗ ಆ ಕಡೆ ಸಾಲಿಗೆ ಹೋದ್ರು."

ಹೀಗೆ ಪೂರ್ತಿ ನಲವತ್ತು ನಿಮಿಷ ಹೇಳಿದೆ. ಡೆಸ್ಕ್‌ಟಾಪಿನ ಮಾತು ಮಾತ್ರ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಮುಂದಿನ ತಿಂಗಳು ಅವಳ ತಂಗಿ ಬಂದು ಧಾರವಾಡಕ್ಕೆ ಕರೆದುಕೊಂಡು ಹೋದಳು. ಫೋನಿನಲ್ಲಿ ಮಾತಾಡುತ್ತೇವೆ. ಅವಳನ್ನು ನೋಡಿದ್ದು ಆ ವಿಡಿಯೋ ಹಾಕಿದ ದಿನವೇ ಕೊನೆ. ನಾನು ಹೊರಟಾಗ ಗೋಡೆ ಹಿಡಿದುಕೊಂಡು ಗೇಟಿನವರೆಗೆ ಬಂದಳು. ನಾನು ಎಡಕ್ಕೆ ತಿರುಗಿ, ರಸ್ತೆ ದಾಟಿ ಆಟೋ ಹತ್ತಿದೆ. ಅವಳು ಬಲಕ್ಕೆ, ಬೀಗ ಹಾಕಿದ ಕ್ವಾರ್ಟರ್ಸ್‌ಗಳ ಕಡೆಗೆ ಮುಖ ಮಾಡಿ ಕೈ ಬೀಸುತ್ತ ನಿಂತಿದ್ದಳು.