ಅಕ್ಕನ ಕಿಟಕಿಯ ನವಿಲು

ಎಂಬತ್ತರ ದಶಕದ ಆರಂಭದಲ್ಲಿ ನಾವು ಪರ್ಕಳದಲ್ಲಿ ಮನೆ ಕಟ್ಟಿಸುತ್ತಿದ್ದಾಗಲೇ ಕಾಪುವಿನಲ್ಲಿ ಅಕ್ಕನ ಹೊಸ ಮನೆಯ ಒಕ್ಕಲಾಯಿತು. ಭಾವ ಮಸ್ಕತ್ತಿನಲ್ಲಿದ್ದರು. ಗೃಹಪ್ರವೇಶದ ಊಟಕ್ಕೆ ಬಂದ ಹೆಂಗಸರೆಲ್ಲ ಅವಳ ಅಡುಗೆಮನೆಯ ಕಿಟಕಿಯ ಮುಂದೆಯೇ ನಿಂತಿದ್ದರು. ಕಬ್ಬಿಣದ ಗ್ರಿಲ್ಲಿನಲ್ಲಿ ಗರಿ ಬಿಚ್ಚಿದ ನವಿಲು, ಸುತ್ತ ಬಳ್ಳಿ, ನೀಲಿ ಗಾಜಿನ ಬಾಗಿಲು. ನಾನು ಪಾಯಸವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಚಿಕ್ಕಂದಿನಲ್ಲಿ ಹೊಸ ಲಂಗ ಅವಳಿಗೆ, ಅವಳು ಉಟ್ಟು ಬಿಟ್ಟದ್ದು ನನಗೆ. ಈಗ ಕಿಟಕಿಯಲ್ಲೂ ಹಾಗೆಯೇ ಆಗಬೇಕೆ?

ಮನೆಗೆ ಬಂದು ಹಟ ಹಿಡಿದೆ.

“ಅಡುಗೆಮನೆಗೆ ನೇರ ಸರಳು ಸಾಕಲ್ವಾ ಮಾರಾಯ್ತಿ? ಹೊಗೆ ಹೋದರೆ ಆಯ್ತು,” ಎಂದರು ನನ್ನ ಗಂಡ.

“ಅಕ್ಕನಿಗೆ ಒಂದು ನವಿಲು ಉಂಟು. ನನಗೆ ಎರಡು ಬೇಕು,” ಎಂದೆ.

ಉಡುಪಿಯ ವೆಲ್ಡಿಂಗ್ ಅಂಗಡಿಯಲ್ಲಿ ಎದುರುಬದುರು ನಿಂತ ಎರಡು ನವಿಲುಗಳನ್ನು ಮಾಡಿಸಿದೆವು. ನಮ್ಮ ಮನೆ ಮುಗಿಯುವಾಗ ವರ್ಷವೇ ಕಳೆದಿತ್ತು. ನೋಡಲು ಬಂದ ಅಕ್ಕ ಕಿಟಕಿಯ ಮುಂದೆ ಬಹಳ ಹೊತ್ತು ನಿಂತಳು. ಅವಳ ಮುಖ ಸಣ್ಣದಾಗುವುದನ್ನೇ ನಾನು ಕಾಯುತ್ತಿದ್ದೆ.

“ಚಂದ ಉಂಟು. ಆದರೆ ಒಗ್ಗರಣೆಯ ಜಿಡ್ಡೆಲ್ಲ ಗರಿಗಳ ಒಳಗೆ ಕೂತುಕೊಳ್ಳುತ್ತದೆ. ತಿಕ್ಕಿ ತಿಕ್ಕಿ ನನಗೆ ಸಾಕಾಯ್ತು. ಮೊನ್ನೆ ತೆಗೆಸಿ ನೇರ ಸರಳು ಹಾಕಿಸಿದೆ,” ಎಂದಳು.

ಮುಂದಿನ ಸಲ ಕಾಪುವಿಗೆ ಹೋದಾಗ, ನನ್ನೊಡನೆ ಮಾತನಾಡುತ್ತಲೇ ಅಕ್ಕ ಒದ್ದೆಬಟ್ಟೆಯಲ್ಲಿ ಕಿಟಕಿ ಒರೆಸಿ ಮುಗಿಸಿಬಿಟ್ಟಳು. ನನ್ನ ಶನಿವಾರದ ಮಧ್ಯಾಹ್ನವೆಲ್ಲ ಎರಡು ಬಾಲಗಳನ್ನು ತಿಕ್ಕುವುದರಲ್ಲೇ ಹೋಗುತ್ತಿತ್ತು. ಆ ಸಪೂರ ಸರಳುಗಳನ್ನು ನೋಡುತ್ತ ನನಗೆ ಮತ್ತೆ ಹೊಟ್ಟೆ ಉರಿಯಿತು.