ಸೇತುವೆಯ ಮೇಲಿನ ಗೆಳೆಯ

ನಮ್ಮ ಬೀದಿಯಲ್ಲಿ ಎಲ್ಲರಿಗೂ ಅವರು ನಲ್ಲಿ ಮಾವ. ನೀರಿನ ಇಲಾಖೆಯಲ್ಲಿ ಕೊಳಾಯಿ ಸರಿಮಾಡುವ ಕೆಲಸ. ಮಾತು ಕಡಿಮೆ, ಸಿಡುಕು ಜಾಸ್ತಿ. ಅತ್ತೆ ತೀರಿಕೊಂಡ ಮೇಲಂತೂ ಆ ಮನೆಯಲ್ಲಿ ಬಾಯಿ ಬಿಡುತ್ತಿದ್ದದ್ದು ರೇಡಿಯೋ ಒಂದೇ.

ಹೊಳೆಯ ಆಚೆ ದಡ ಬೇರೆ ದೇಶ. ವರ್ಷಕ್ಕೊಮ್ಮೆ, ನೆರೆರಾಷ್ಟ್ರಗಳ ಸ್ನೇಹ ದಿನದಂದು ಎರಡೂ ಕಡೆ ರಜೆ. ಸಂಜೆ ಆರರವರೆಗೆ ಯಾರು ಬೇಕಾದರೂ ದಾಟಬಹುದು. ಸೇತುವೆಯ ನಡುವೆ ಮಂತ್ರಿಗಳ ಭಾಷಣ ಮುಗಿದ ಮೇಲೆ ಈ ಕಡೆಯ ಒಬ್ಬ ಸಾಮಾನ್ಯ ಪ್ರಜೆ, ಆ ಕಡೆಯ ಒಬ್ಬ ಸಾಮಾನ್ಯ ಪ್ರಜೆ ಕೈಕುಲುಕಬೇಕು. ಹದಿನೇಳು ವರ್ಷದ ಹಿಂದೆ ನಮ್ಮ ಪ್ರಜೆ ಬರದೆ ಕೈಕೊಟ್ಟಾಗ, ಪಕ್ಕದಲ್ಲೇ ಪೈಪು ಬಿಗಿಯುತ್ತಿದ್ದ ಮಾವನನ್ನೇ ಕೈ ತೊಳೆಸಿ ನಿಲ್ಲಿಸಿದರು. ಅಂದಿನಿಂದ ಅವರೇ ಖಾಯಂ.

ಆ ಕಡೆಯಿಂದಲೂ ಪ್ರತಿ ಸಲ ಅದೇ ಒಬ್ಬ ಮನುಷ್ಯ ಬರುತ್ತಿದ್ದ. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಬರುತ್ತಿದ್ದುದರಿಂದ ಬಡಗಿ ಇರಬೇಕೆಂದು ಮಾವನ ಊಹೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಫೋಟೋದವರು ಸಾಕೆನ್ನುವವರೆಗೆ ಕೈ ಹಿಡಿದು ನಿಲ್ಲುವುದು, ಮಂತ್ರಿಗಳ ಕಡೆ ನೋಡಿ ಮೀಸೆಯಲ್ಲೇ ನಗುವುದು, ಅಷ್ಟೇ. ಅತ್ತೆ ತೀರಿಕೊಂಡ ವರ್ಷ ಮಾತ್ರ ಮಾವನ ಮುಖ ನೋಡಿದವನೇ ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡನಂತೆ.

"ಊರಿಗೂರೇ ಬಂದು ಸಮಾಧಾನ ಹೇಳ್ತು ಕಣಮ್ಮ. ಅರ್ಥ ಆಗಿದ್ದು ಅವನೊಬ್ಬನಿಗೇ," ಎಂದರು ಮಾವ.

ಅವರು ನನಗಿದನ್ನು ಹೇಳಲು ಕಾರಣವಿತ್ತು. ಆ ಸಮಾರಂಭದ ದುಭಾಷಿ ನಾನು. ಗೆಳೆಯನಿಗೆ ಹೇಳಲು ಅವನ ಭಾಷೆಯ ಒಂದೇ ಒಂದು ವಾಕ್ಯ ಬೇಕಿತ್ತು: ನಮ್ಮನೆಗೆ ಊಟಕ್ಕೆ ಬಾ. ಮೂರು ತಿಂಗಳು ದಿನಾ ಬಂದು ಒಪ್ಪಿಸಿದರು. ಅವರ ನಾಲಿಗೆ ಹೊರಳದಿದ್ದರೆ ಬೈಗುಳ ನನಗೆ.

ಈ ವರ್ಷ ಆ ಕಡೆಯಿಂದ ಬಂದವನು ಬೇರೆ ಯಾರೋ, ಹೊಸ ಕೋಟಿನವನು. ಮಾವ ಅವನ ಬೆನ್ನ ಹಿಂದೆ ಕತ್ತು ಚಾಚಿ ಹುಡುಕಿದರು. ಕೈ ಕುಲುಕಿದರು. ಫೋಟೋದವರು "ಸ್ವಲ್ಪ ನಗಿ ಸಾರ್" ಎಂದಾಗ ನಕ್ಕರು ಕೂಡ.

ಆಮೇಲೆ ನೇರ ನನ್ನ ಬಳಿ ಬಂದರು. "ಅವನಿಗೇನಾಯ್ತು ಕೇಳಮ್ಮ. ಹುಷಾರಿಲ್ವೇನೋ."

ಆ ಕಡೆಯ ಅಧಿಕಾರಿಯನ್ನು ಕೇಳಿದೆ. ಆತ ಹೊಸಬ, ಹಳಬರು ಯಾರೂ ಗೊತ್ತಿಲ್ಲ. ಆದರೂ ವಿಚಾರಿಸುತ್ತೇನೆಂದು ಪೆನ್ನು ತೆಗೆದು, ಸಭ್ಯವಾಗಿಯೇ ಒಂದು ಪ್ರಶ್ನೆ ಹಾಕಿದ. ಅದನ್ನು ಮಾವನಿಗೆ ದಾಟಿಸುವುದು ನನ್ನ ಕೆಲಸ. ಹಾಳು ಕೆಲಸ.

"ಹೆಸರೇನು ಅಂತ ಕೇಳ್ತಿದ್ದಾರೆ, ಮಾವ."

ಪತ್ರಿಕೆಗಳಲ್ಲಿ ಪ್ರತಿ ವರ್ಷ ಫೋಟೋದ ಕೆಳಗೆ 'ಇಬ್ಬರು ಪ್ರಜೆಗಳು' ಎಂದಷ್ಟೇ ಇರುತ್ತಿತ್ತು. ನಾನೂ ಆರು ವರ್ಷ ಪಕ್ಕದಲ್ಲೇ ನಿಂತಿದ್ದೆ, ಕೇಳಿಕೊಡಬಹುದಿತ್ತು. ನನಗೆ ಹೊಳೆದೇ ಇರಲಿಲ್ಲ. ಅಧಿಕಾರಿ ಇನ್ನೂ ಕಾಯುತ್ತಿದ್ದ.

"ನಾನು ಕೇಳ್ಲಿಲ್ಲ," ಎಂದರು ಮಾವ. "ಅವನೂ ಕೇಳಿಲ್ಲ. ನಾಳೆ ಅವನೇ ನನ್ನ ಹುಡುಕ್ಕೊಂಡು ಬಂದ್ರೂ, ಯಾರನ್ನ ಅಂತ ವಿಚಾರಿಸ್ತಾನಮ್ಮ?"