ಸಿಟ್ಟಿನ ಕೈಯ ಸ್ವೆಟರ್

ಎಕ್ಸ್‌ರೇ ಕೋಣೆಯಲ್ಲಿ ದಿನಕ್ಕೆ ನಲವತ್ತು ಸಲ "ಉಸಿರು ಹಿಡೀರಿ" ಅಂತ ಹೇಳಿ ಹೇಳಿ, ಆಸ್ಪತ್ರೆಯಲ್ಲೆಲ್ಲ ಅವಳಿಗೆ ಉಸಿರಕ್ಕ ಅಂತಲೇ ಹೆಸರು ಬಿದ್ದಿತ್ತು. ಕೋಪ ಮೂಗಿನ ತುದಿಯಲ್ಲೇ, ಆದರೆ ಕೈ ಮಾತ್ರ ಬಲು ತಾಳ್ಮೆಯದು. ರೋಗಿಗಳ ನಡುವೆ ಐದು ನಿಮಿಷ ಸಿಕ್ಕರೆ ಸಾಕು, ಮೇಜಿನ ಖಾನೆಯಿಂದ ಕಡ್ಡಿ, ಉಲ್ಲನ್ ಉಂಡೆ ಹೊರಗೆ ಬರುತ್ತಿದ್ದವು. ವರ್ಷದ ಕೊನೆಯ ರಜೆಗೆ ಇನ್ನೂ ಆರು ತಿಂಗಳಿರುವಾಗಲೇ ಉಡುಗೊರೆಗಳ ಹೆಣಿಗೆ ಶುರು. ಅಣ್ಣನಿಗೆ ಮಫ್ಲರ್, ಅಣ್ಣನ ಮಗಳಿಗೆ ಕ್ರೋಶಾದ ಕೈಚೀಲ, ಗೇಟಿನ ವಾಚ್‌ಮನ್‌ಗೆ ಕಿವಿ ಮುಚ್ಚುವ ಟೋಪಿ. ಯಾರ ತಲೆ ಎಷ್ಟು ದಪ್ಪ, ಯಾರ ತೋಳು ಎಷ್ಟು ಉದ್ದ ಅನ್ನುವುದೆಲ್ಲ ಬಾಯಿಪಾಠ. ಟೇಪು ಹಿಡಿದವಳೇ ಅಲ್ಲ. ಇಪ್ಪತ್ತೆರಡು ವರ್ಷ ಹೀಗೆ ಹೆಣೆದರೂ ಅಣ್ಣನ ಮನೆಯಲ್ಲಿ ಕೇಳಿಬಂದ ಮಾತು ಒಂದೇ: ಅವಳಿಗೇನು, ಗಂಡನಾ ಮಕ್ಕಳಾ, ಕೂತ್ಕೊಂಡು ಹೆಣೀತಾಳೆ. ದಿನಕ್ಕೆ ಎಂಟು ಗಂಟೆ ನಿಂತೇ ಇರುವವಳು ಯಾವಾಗ ಕೂತಳು ಅಂತ ಒಬ್ಬರಾದರೂ ಕೇಳಬೇಡವೇ?

ಈ ಸಲ ಅಣ್ಣನ ಹೆಂಡತಿ ಹೆಚ್ಚಿನದೊಂದು ಕೆಲಸ ಹಚ್ಚಿದ್ದಳು. ಅತ್ತಿಗೆ ಒಂದು ಆಫೀಸಿನಲ್ಲಿ ಹೆಡ್ ಕ್ಲರ್ಕ್. ರಜೆಯ ದಿನ ನಮ್ಮ ಮೇಡಂ ಊಟಕ್ಕೆ ಬರ್ತಾರೆ, ಅವರಿಗೊಂದು ತೋಳಿಲ್ಲದ ಸ್ವೆಟರ್ ಆಗಬೇಕು, ಮೈಕಟ್ಟು ಹೆಚ್ಚುಕಮ್ಮಿ ನಿನ್ನದೇ ಎಂದು ಬೆಣ್ಣೆ ಹಚ್ಚಿ ಹೋಗಿದ್ದಳು. ಅತ್ತಿಗೆಯ ಸ್ನೇಹಿತೆಯರಿಗೆಂದು ಪ್ರತಿ ವರ್ಷ ಏನಾದರೊಂದು ಹೆಣೆದುಕೊಟ್ಟು ಉಸಿರಕ್ಕನಿಗೆ ರೂಢಿಯಾಗಿತ್ತು. ಇದಕ್ಕೂ ಹೂಂ ಅಂದಳು. ಬೆನ್ನಿನ ಭಾಗ ಲಕ್ಷಣವಾಗಿ ಮುಗಿಯಿತು.

ರಜೆಗೆ ಹತ್ತು ದಿನ ಇದೆ ಅನ್ನುವಾಗ, ಮಣಿಕಟ್ಟು ಊದಿಸಿಕೊಂಡ ಹೆಂಗಸೊಬ್ಬರು ಎಕ್ಸ್‌ರೇಗೆ ಬಂದರು. ತೋಳು ಅಡ್ಡ ಬರುತ್ತದೆ, ಸ್ವೆಟರ್ ತೆಗೆಯಿರಿ ಎಂದು ಕೈಗೆ ತೆಗೆದುಕೊಂಡ ಉಸಿರಕ್ಕ ನಿಂತಲ್ಲೇ ನಿಂತುಬಿಟ್ಟಳು. ನೇರಳೆ ಬಣ್ಣ. ಅಮ್ಮನ ಹಳೇ ಕೋಟಿನಿಂದ ಬಿಚ್ಚಿ ಹೊಲಿದ ಐದು ಗುಂಡಿ. ಎರಡು ವರ್ಷದ ಹಿಂದೆ ಅತ್ತಿಗೆಗೆ ಭುಜದ ಆಪರೇಷನ್ ಆದಾಗ, ತೋಳು ಎತ್ತದೆ ಹಾಕಿಕೊಳ್ಳಲಿ ಎಂದು ಕಂಕುಳಲ್ಲಿ ಅಗಲ ಬಿಟ್ಟು ತಾನೇ ಹೆಣೆದುಕೊಟ್ಟದ್ದು.

"ಸ್ವಲ್ಪ ಜೋಪಾನ," ಅಂದರು ಹೆಂಗಸು. "ನಮ್ಮ ಹೆಡ್ ಕ್ಲರ್ಕು ನನಗೋಸ್ಕರ ಮೂರು ತಿಂಗಳು ಕೂತು ಹೆಣೆದಿದ್ದು. ಎಷ್ಟು ಕೆಲಸ ಇದ್ರೂ ವರ್ಷಾ ವರ್ಷಾ ಆಫೀಸಲ್ಲಿ ಯಾರಿಗಾದ್ರೂ ಹೆಣೆದುಕೊಡ್ತಾರೆ, ಪಾಪ."

ಉಸಿರಕ್ಕನ ಮೈಯೆಲ್ಲ ಉರಿದುಹೋಯಿತು. ಕೊಟ್ಟದ್ದನ್ನು ಇನ್ನೊಬ್ಬರಿಗೆ ದಾಟಿಸಿದರೆ ಹಾಳಾಗಿ ಹೋಗಲಿ ಅನ್ನಬಹುದು. ಉಂಡೆದ್ದವಳು ಅಡುಗೆಯೂ ನನ್ನದೇ ಅಂದರೆ? ಅಷ್ಟು ವರ್ಷ ಹೆಣೆದ ಶಾಲು, ಕೈಗವಸು, ಕಾಲುಚೀಲ ಎಲ್ಲವೂ ಅತ್ತಿಗೆಯ ಕೈಕೆಲಸ ಅನ್ನಿಸಿಕೊಂಡು ಆ ಆಫೀಸೆಲ್ಲ ಸುತ್ತಿವೆ! ಇದು ನನ್ನದು ಅನ್ನುವ ಮಾತು ತುಟಿಗೆ ಬಂತು. ಆದರೆ ಹೊರಗೆ ಬೆಂಚಿನ ಮೇಲೆ ಇನ್ನೂ ಹನ್ನೊಂದು ಜನ. ರೋಗಿಯ ಜೊತೆ ವಾದಕ್ಕೆ ನಿಂತರೆ ನಂಬುವವರು ಯಾರು? ಹಲ್ಲು ಕಚ್ಚಿಕೊಂಡು ಮಣಿಕಟ್ಟಿನ ಎರಡು ಫಿಲ್ಮ್ ತೆಗೆದು ಕಳಿಸಿದಳು.

ಸ್ವೆಟರಿನ ಮುಂಭಾಗ ಹೆಣೆದದ್ದು ಆಮೇಲೆ. ಸಿಟ್ಟಿದ್ದಾಗ ಕಡ್ಡಿ ಮುಟ್ಟಬಾರದು ಎಂದು ಹೆಣಿಗೆ ಕಲಿಸುವಾಗಲೇ ಅಮ್ಮ ಹೇಳಿದ್ದಳು. ನೂಲು ಬೆರಳಿಗೆ ಬಿಗಿಯುತ್ತದೆ, ಕುಣಿಕೆ ಕಿರಿದಾಗುತ್ತದೆ, ಸಾಲುಗಳ ಲೆಕ್ಕ ಸರಿಯಿದ್ದರೂ ಬಟ್ಟೆ ಕುಗ್ಗುತ್ತದೆ. ಉಸಿರಕ್ಕನಿಗೆ ಅದು ಗೊತ್ತಿಲ್ಲದ್ದಲ್ಲ. ಆದರೆ ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಒಂದೊಂದು ಕುಣಿಕೆಗೂ ಅತ್ತಿಗೆಯ ಒಂದೊಂದು ನಯದ ಮಾತು ನೆನೆಸಿಕೊಂಡು ಎಳೆದೆಳೆದು ಹೆಣೆದಳು. ಭಾನುವಾರ ಮಧ್ಯಾಹ್ನ ಎರಡೂ ಭಾಗ ಮಂಚದ ಮೇಲೆ ಹರಡಿದಾಗ ಮುಂಭಾಗ ಬೆನ್ನಿಗಿಂತ ನಾಲ್ಕು ಬೆರಳು ಗಿಡ್ಡ, ಮೂರು ಬೆರಳು ಕಿರಿದು. ಕೈ ಅಭ್ಯಾಸದಿಂದ ಬಿಚ್ಚಲು ಹೋಯಿತು. ಯಾರಿಗಾಗಿ ಬಿಚ್ಚಲಿ ಅನ್ನಿಸಿ, ಅದನ್ನೇ ಜಗ್ಗಿ ಜಗ್ಗಿ ಜೋಡಿಸಿ ಹೊಲಿದು, ಕಾಗದದಲ್ಲಿ ಸುತ್ತಿ ಅತ್ತಿಗೆಗೆ ಮುಟ್ಟಿಸಿದಳು. ಅತ್ತಿಗೆ ಬಿಚ್ಚಿಯೂ ನೋಡಲಿಲ್ಲ, ಎಂದಾದರೂ ನೋಡಿದ್ದುಂಟೇ?

ರಜೆಯ ದಿನ ಮೇಡಂ ಕೈಗೆ ಪಟ್ಟಿ ಸುತ್ತಿಕೊಂಡೇ ಬಂದರು. ಎಕ್ಸ್‌ರೇಯವರು ಇಲ್ಲಿ ಹೇಗೆ ಎಂದು ಕೇಳಿದರು. ನನ್ನ ನಾದಿನಿ ಎಂದು ಅತ್ತಿಗೆ ಮಾತು ತೇಲಿಸಿ ಪೊಟ್ಟಣ ಕೊಟ್ಟಳು. ಮೇಡಂ ಅಲ್ಲೇ ಸ್ವೆಟರ್ ಹಾಕಿಸಿಕೊಂಡರು. ಮುಂದೆ ಹೊಕ್ಕುಳ ಮೇಲಕ್ಕೆ ಹತ್ತಿತು, ಹಿಂದೆ ಸೊಂಟದ ಕೆಳಗೆ ಜೋತುಬಿತ್ತು, ಪಕ್ಕದ ಹೊಲಿಗೆಯುದ್ದಕ್ಕೂ ನೆರಿಗೆ. ಅಣ್ಣನ ಮಗಳು ನಗು ತಡೆಯಲಾಗದೆ ಅಡುಗೆಮನೆಗೆ ಓಡಿದಳು.

ಪರವಾಗಿಲ್ಲ, ಮನೆ, ಆಫೀಸು ಎಂದು ನಿಮಗೆ ಪುರುಸೊತ್ತಾದರೂ ಎಲ್ಲಿ ಎಂದು ಮೇಡಂ ಅತ್ತಿಗೆಯನ್ನೇ ಸಮಾಧಾನ ಮಾಡಿದರು.

"ಆತುರದಲ್ಲಿ ಹೆಣೆದುಬಿಟ್ಟೆ ಮೇಡಂ," ಅಂದಳು ಅತ್ತಿಗೆ.

ತಪ್ಪನ್ನೂ ಬಿಡಲಿಲ್ಲವಲ್ಲ ಈ ಹೆಂಗಸು! ಇಷ್ಟು ದಿನ ತಡೆದದ್ದು ಇನ್ನು ತಡೆಯಲಿಲ್ಲ.

"ಅದು ನಿಮ್ಮ ಆತುರ ಅಲ್ಲ ಅತ್ತಿಗೆ, ನನ್ನ ಸಿಟ್ಟು," ಅಂದಳು ಉಸಿರಕ್ಕ. "ಮೇಡಂ, ಇದನ್ನ ಹೆಣೆದವಳು ನಾನು. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಕೆಟ್ಟದಾಗಿ ಏನೂ ಹೆಣೆದಿಲ್ಲ. ಚೆನ್ನಾಗಿದ್ದಿದ್ದೆಲ್ಲ ಇವರ ಹೆಸರಲ್ಲೇ ಹೋಯ್ತು. ಇದೊಂದಾದ್ರೂ ನನ್ನ ಹೆಸರಲ್ಲಿರಲಿ."

ಅತ್ತಿಗೆ ಪೊಟ್ಟಣದ ಕಾಗದ ಮಡಿಸತೊಡಗಿದಳು. ಮೇಡಂ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು, ಆಮೇಲೆ ಊಟಕ್ಕೆ ಹಾಕಿಟ್ಟ ತಟ್ಟೆ ನೋಡಿದರು. ಬಾಯಿ ತೆಗೆದವನು ಅಣ್ಣ. ಬಂದವರ ಮುಂದೆ ಇದೇನು, ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಗಾದೆ ಹೇಳಿದ.

"ಯಾರು ಹೆಣೆದ್ರೇನೇ? ಎಲ್ಲ ಒಂದೇ ಮನೆ ಅಲ್ವಾ?"

"ಒಂದೇ ಮನೆ ಅಂತಾದ್ರೆ, ಬರೋ ವರ್ಷ ಅತ್ತಿಗೆ ಹೆಣೀಲಿ ಅಣ್ಣ. ಹೆಸರು ನಂದು ಹೇಳಿ."

ಅಣ್ಣ ತನ್ನ ತಟ್ಟೆ ಹತ್ತಿರಕ್ಕೆ ಎಳೆದುಕೊಂಡ. ಉಸಿರಕ್ಕ ಸಿಟ್ಟಿಗೆ ಊಟ ಬಿಟ್ಟು ಏಳುವ ಪೈಕಿಯೂ ಅಲ್ಲ. ಯಾರೂ ಬಡಿಸದಿದ್ದಾಗ ತಾನೇ ಬಡಿಸಿಕೊಂಡು, ಆ ಸಿಟ್ಟು ಒಂದಿಷ್ಟೂ ಇಳಿಯದೆ, ಎಲ್ಲರ ಎದುರಿಗೇ ಹೊಟ್ಟೆ ತುಂಬ ಉಂಡಳು.